ಹ್ಯಾಂಡ್‌ಬಿಲ್‌ಗೆ ಇರುವ ಕಾನೂನು ಮೊಬೈಲ್ ಜಾಹೀರಾತಿಗೆ ಯಾಕಿಲ್ಲ?

ಆನ್‌ಲೈನ್‌ನಲ್ಲಿ ಯಾರಾದರೂ ದುಡ್ಡು ಕಳೆದುಕೊಂಡರು ಅಂದರೆ ಸಾಕು, ಎಲ್ಲರ ಬಾಯಲ್ಲೂ ಒಂದೇ ಮಾತು. "ದುರಾಸೆ ಪಟ್ಟರು, ಅನುಭವಿಸಲಿ." "ಓದಿದವರೇ ಹೀಗಾದರೆ ಹೇಗೆ?" ಈ ಮಾತು ಕೇಳಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಕಳೆದುಕೊಂಡವರನ್ನು ನಾವು ಬೈಯುತ್ತೇವೆ. ಕದ್ದವರನ್ನು ಪೊಲೀಸರು ಹುಡುಕುತ್ತಾರೆ. ನಡುವೆ ದುಡ್ಡು ತಗೊಂಡು ಆ ಜಾಹೀರಾತನ್ನು ಮನೆಮನೆಗೆ ಮುಟ್ಟಿಸಿದವರ ಸುದ್ದಿಯನ್ನೇ ಯಾರೂ ಎತ್ತುವುದಿಲ್ಲ.

ನಾನು ಗದಗ-ಬೆಟಗೇರಿಯಲ್ಲಿ ಸಣ್ಣ ಆಫ್‌ಸೆಟ್ ಪ್ರೆಸ್ ನಡೆಸುವವನು. ನಮ್ಮೂರಿಗೆ ಮುದ್ರಣ ಕಾಶಿ ಅಂತಲೇ ಹೆಸರು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್ ಮಾಡಿಕೊಂಡು ನಮ್ಮ ಹೊಟ್ಟೆ ನಡೆಯುತ್ತದೆ. ಚುನಾವಣೆ ಬಂದರೆ ಕರಪತ್ರದ ಕೆಲಸವೂ ಬರುತ್ತದೆ. ಅದರ ನಿಯಮ ಕೇಳಿ. 1951ರ ಜನಪ್ರತಿನಿಧಿ ಕಾಯ್ದೆಯಲ್ಲಿ 127ಎ ಅಂತ ಒಂದು ಸೆಕ್ಷನ್ ಇದೆ. ಕರಪತ್ರ ಮಾಡಿಸುವವನು ತಾನು ಯಾರು ಎಂದು ಸಹಿ ಹಾಕಿ ಬರೆದುಕೊಡಬೇಕು. ಅವನನ್ನು ಖುದ್ದು ಬಲ್ಲ ಇಬ್ಬರು ಅದಕ್ಕೆ ಸಾಕ್ಷಿ ಹಾಕಬೇಕು. ಮಾಡಿಸಿದವನ ಹೆಸರು, ವಿಳಾಸದ ಜೊತೆ ನನ್ನ ಹೆಸರು, ನನ್ನ ವಿಳಾಸವೂ ಹಾಳೆಯ ಮುಖದ ಮೇಲೆ ಇರಬೇಕು. ಪ್ರಿಂಟ್ ಆದ ಮೇಲೆ ಆ ಘೋಷಣೆಯ ಜೊತೆ ಕರಪತ್ರದ ಒಂದು ಪ್ರತಿಯನ್ನು ಡಿಸಿ ಆಫೀಸಿಗೆ ಕಳಿಸಬೇಕು. ತಪ್ಪಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ 2,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ನನಗೆ ಈ ಕಾನೂನಿನ ಮೇಲೆ ಯಾವ ತಕರಾರೂ ಇಲ್ಲ. ದುಡ್ಡು ತಗೊಂಡು ಒಬ್ಬರ ಮಾತನ್ನು ಸಾವಿರ ಜನಕ್ಕೆ ಮುಟ್ಟಿಸುವವನು, ಆ ಮಾತು ಯಾರದು ಎಂದು ತಿಳಿದಿರಲೇಬೇಕು.

ಇಲ್ಲಿ ಒಂದು ಹಾಳೆಗೆ ಇಷ್ಟು ಕಟ್ಟುನಿಟ್ಟು. ಮೊಬೈಲಿಗೆ ಬರುವ ಜಾಹೀರಾತಿಗೆ?

ನಮ್ಮ ಪ್ರೆಸ್ಸಿಗೆ ಬಂದು ಕೂತು ಪೇಪರ್ ಓದುವ ನಿವೃತ್ತ ಮಾಸ್ತರರೊಬ್ಬರು ಇದ್ದಾರೆ. ಜೀವನದಲ್ಲಿ ಲಾಟರಿ ಟಿಕೆಟನ್ನೂ ಕೊಂಡವರಲ್ಲ. ಅವರ ಮೊಬೈಲಿಗೆ ಸುಧಾ ಮೂರ್ತಿ ಅವರ ಮುಖ ಇರುವ ವಿಡಿಯೋ ಬಂತು. 21,000 ಹಾಕಿದರೆ ತಿಂಗಳೊಳಗೆ ಲಕ್ಷಗಟ್ಟಲೆ ಅಂತ. ಸುಧಾ ಮೂರ್ತಿ ಅಂದರೆ ನಮ್ಮ ಕಡೆ ಬೇರೆ ಯಾರೋ ಅಲ್ಲ. ಶಿಗ್ಗಾವಿಯಲ್ಲಿ ಹುಟ್ಟಿದವರು, ಹುಬ್ಬಳ್ಳಿಯ ಬಿವಿಬಿ ಕಾಲೇಜಿನಲ್ಲಿ ಓದಿದವರು, ನಮ್ಮ ಮನೆ ಹೆಣ್ಣುಮಗಳು ಎಂದೇ ಜನ ನೋಡುತ್ತಾರೆ. "ಅವರ ಹೇಳಿದ ಮ್ಯಾಲ ಸುಳ್ಳ ಹೆಂಗ ಆಗ್ತದ್ರೀ?" ಅಂದರು ಮಾಸ್ತರು. ಆ ನಂಬಿಕೆಯನ್ನು ದುರಾಸೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ವಿಡಿಯೋ ನಾನೂ ನೋಡಿದೆ. ತುಟಿ ಮಾತಿಗೆ ಸರಿಯಾಗಿಯೇ ಹೊಂದುತ್ತಿತ್ತು. ಮೂಲೆಯಲ್ಲಿ ಟಿವಿ ಚಾನೆಲ್ಲಿನಂಥ ಲೋಗೋ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಕೆಳಗೆ ಓಡುವ ಅಕ್ಷರಗಳು. ಒತ್ತಕ್ಷರಗಳೆಲ್ಲ ಒಡೆದು ಪಕ್ಕಕ್ಕೆ ಬಿದ್ದಿದ್ದವು, ಫಾಂಟ್ ಹೊಂದದಿದ್ದಾಗ ಪ್ರೂಫಿನಲ್ಲಿ ಬರುತ್ತದಲ್ಲ, ಹಾಗೆ. ಕನ್ನಡ ಗೊತ್ತಿಲ್ಲದವರು ಎಲ್ಲೋ ಕೂತು ಮಾಡಿದ ಕೆಲಸ. ಮಾತಿನಲ್ಲೂ ನಮ್ಮ ಕಡೆಯ ಎಳೆತ ಇರಲಿಲ್ಲ. ಆದರೆ ದಿನವಿಡೀ ಅಕ್ಷರ ತಿದ್ದುವವನಿಗೆ ಕಂಡದ್ದು ಸಣ್ಣ ಪರದೆಯಲ್ಲಿ ಅರವತ್ತೈದು ದಾಟಿದ ಕಣ್ಣಿಗೆ ಕಾಣಬೇಕು ಅನ್ನುವುದು ನ್ಯಾಯವಾ?

ಮುಂದಿನದು ಎಲ್ಲ ಕಡೆ ನಡೆಯುವ ಕಥೆಯೇ. ಫೋನಿನಲ್ಲಿ ಮ್ಯಾನೇಜರ್ ಅಂತ ಒಬ್ಬ. ಲಾಭ ಏರುತ್ತಿರುವಂತೆ ತೋರಿಸುವ ಒಂದು ಆಪ್. ಮೊದಲು ಒಂದಿಷ್ಟು ಸಣ್ಣ ದುಡ್ಡು ವಾಪಸ್ ಕೊಟ್ಟು ನಂಬಿಸುವುದು. ಆಮೇಲೆ ತೆಗೆಯಲು ಹೋದರೆ ಟ್ಯಾಕ್ಸ್ ಕಟ್ಟಿ ಅನ್ನುವುದು. ನಿವೃತ್ತಿಯ ಗಂಟು ಕರಗಿತು. ಮಗಳಿಗೆ ಹೇಳಲು ಅವರಿಗೆ ಬಹಳ ದಿನ ಬಾಯಿ ಬರಲಿಲ್ಲ.

ನಾರಾಯಣ ಮೂರ್ತಿ ಅವರು 2023ರ ಡಿಸೆಂಬರಿನಲ್ಲೇ, ತಮ್ಮ ಹೆಸರಿನ ಇಂಥ ಸಂದರ್ಶನಗಳು ಸುಳ್ಳು, ನಂಬಬೇಡಿ ಅಂತ ಬರೆದಿದ್ದರು. ಸುಧಾ ಮೂರ್ತಿ ಅವರೂ ಎಚ್ಚರಿಸಿದ್ದಾರೆ. ಹಣಕಾಸು ಸಚಿವರ ಡೀಪ್‌ಫೇಕ್, ಅಂದರೆ ಎಐನಿಂದ ಮಾಡಿದ ನಕಲಿ ವಿಡಿಯೋಗಳ ಬಗ್ಗೆ ಕೇಂದ್ರ ಸರ್ಕಾರದ ಸುದ್ದಿ ವಿಭಾಗವಾದ ಪಿಐಬಿ ಎಷ್ಟೋ ಸಲ ಹೇಳಿದೆ. ಇವರೆಲ್ಲ ಹೇಳುತ್ತಲೇ ಇದ್ದಾರೆ, ವಿಡಿಯೋಗಳು ಬರುತ್ತಲೇ ಇವೆ. ಯಾಕೆ?

2025ರ ನವೆಂಬರಿನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಒಳಗಿನ ಕಾಗದಪತ್ರ ಹಿಡಿದು ಒಂದು ವರದಿ ಮಾಡಿತು. 2024ರ ಆದಾಯದಲ್ಲಿ ಸುಮಾರು ಶೇ. 10, ಅಂದರೆ 1,600 ಕೋಟಿ ಡಾಲರ್, ಮೋಸದ ಮತ್ತು ನಿಷೇಧಿತ ಸರಕಿನ ಜಾಹೀರಾತಿನಿಂದ ಬರುತ್ತದೆ ಎಂದು ಕಂಪನಿಯೇ ಲೆಕ್ಕ ಹಾಕಿತ್ತಂತೆ. ಜಾಹೀರಾತು ಕೊಡುವವನು ಮೋಸಗಾರ ಅಂತ ಶೇ. 95ರಷ್ಟು ಖಾತ್ರಿಯಾದರೆ ಮಾತ್ರ ಹೊರಗೆ ಹಾಕುವುದು. ಅದಕ್ಕಿಂತ ಕಡಿಮೆ ಅನುಮಾನ ಇದ್ದರೆ ಅವನಿಗೆ ರೇಟು ಜಾಸ್ತಿ ಮಾಡುವುದು. ಒಮ್ಮೆ ಇಂಥ ಜಾಹೀರಾತು ಒತ್ತಿದವರಿಗೆ ಅಂಥವೇ ಮತ್ತೆ ಬರುವ ಸಾಧ್ಯತೆ ಜಾಸ್ತಿ ಅಂತಲೂ ಅದರಲ್ಲಿದೆ. ಆ ಅಂದಾಜು ಒರಟು ಲೆಕ್ಕ, ಬೇಡದ್ದನ್ನೂ ಸೇರಿಸಿ ಹಾಕಿದ್ದು ಎಂದು ಮೆಟಾ ಉತ್ತರ ಕೊಟ್ಟಿದೆ. ಅದೂ ಇರಲಿ. ಆದರೆ ಅನುಮಾನ ಇರುವ ಗಿರಾಕಿಯಿಂದ ಹೆಚ್ಚು ದುಡ್ಡು ತಗೊಂಡು ಕೆಲಸ ಮಾಡಿಕೊಡುವುದಕ್ಕೆ ನಮ್ಮ ಬೀದಿಯಲ್ಲಿ ಪಾಲುದಾರಿಕೆ ಅಂತಾರೆ.

ಕಾನೂನು ಇವರ ಕೈ ಹಿಡಿಯುವುದು ಐಟಿ ಕಾಯ್ದೆಯ 79ನೇ ಸೆಕ್ಷನ್‌ನಿಂದ. ಬೇರೆಯವರು ಹಾಕಿದ್ದಕ್ಕೆ ನಡುವಿನ ಕಂಪನಿ ಹೊಣೆ ಅಲ್ಲ ಅಂತ. ಆದರೆ ಅದೇ ಸೆಕ್ಷನ್ ಒಳಗೆ, ಯಾರಿಗೆ ತಲುಪಬೇಕು ಎಂದು ಕಂಪನಿ ಆರಿಸಿರಬಾರದು ಅನ್ನುವ ಷರತ್ತೂ ಇದೆ. ಸಾಮಾನ್ಯರ ಪೋಸ್ಟಿಗೆ ಈ ರಕ್ಷಣೆ ಇರಲಿ, ಇರಲೇಬೇಕು. ಜಾಹೀರಾತಿಗೆ ಹೇಗೆ ಒಪ್ಪುವುದು? ಈ ವಯಸ್ಸಿನವರು, ಈ ಊರಿನವರು, ಇಂಥದ್ದು ಹುಡುಕುವವರು ಅಂತ ಆರಿಸಿ ತೋರಿಸುವುದೇ ಅವರ ವ್ಯಾಪಾರ ಅಲ್ವಾ? ಮಾಸ್ತರರನ್ನು ಹುಡುಕಿಕೊಂಡು ಬರಲು ಗೊತ್ತಿರುವವರಿಗೆ ದುಡ್ಡು ಕೊಟ್ಟವನು ಯಾರು ಎಂದು ಹುಡುಕಲು ಬರುವುದಿಲ್ಲವೇ?

ಬರುತ್ತದೆ. ತೈವಾನ್ 2024ರಲ್ಲಿ ಕಾನೂನು ತಂದು, ಜಾಹೀರಾತಿಗೆ ದುಡ್ಡು ಕೊಟ್ಟವರು ಯಾರು ಎಂದು ತೋರಿಸಲೇಬೇಕು ಅಂದಿತು. ತೋರಿಸದ್ದಕ್ಕೆ 2025ರಲ್ಲಿ ಮೆಟಾಗೆ ದಂಡ ಹಾಕಿತು. ನಮ್ಮಲ್ಲೂ ಷೇರುಪೇಟೆಯ ನಿಯಂತ್ರಕ ಸೆಬಿ ಹೇಳಿದ ಮೇಲೆ, ಹೂಡಿಕೆಯ ಜಾಹೀರಾತು ಕೊಡುವವರ ನೋಂದಣಿಯನ್ನು ಈ ಕಂಪನಿಗಳು ನೋಡಲು ಶುರು ಮಾಡಿವೆ. ಅಷ್ಟು ಸಾಲದು. ಮೋಸಗಾರ ತನ್ನದನ್ನು ಹೂಡಿಕೆ ಅಂತ ತೋರಿಸುವುದೇ ಇಲ್ಲ, ಸುದ್ದಿ ಅಂತ ತೋರಿಸುತ್ತಾನೆ. ಪರಿಶೀಲನೆಗೆ ಬಂದವರಿಗೆ ಒಂದು ಪುಟ, ನಮಗೆ ಇನ್ನೊಂದು ಪುಟ. ಹಾಗಾಗಿ ಯಾವ ಜಾಹೀರಾತೇ ಇರಲಿ, ಕೊಟ್ಟವರ ಗುರುತು ಖಾತ್ರಿ ಆಗಬೇಕು. ಖಾತ್ರಿ ಮಾಡಿಕೊಳ್ಳದೆ ಹಾಕಿದ ಜಾಹೀರಾತಿನಿಂದ ಹೋದ ದುಡ್ಡಿನಲ್ಲಿ ಕಂಪನಿಯೂ ಪಾಲು ಭರಿಸಬೇಕು.

ಮನೆಯಲ್ಲಿ ಯಾರಿಗಾದರೂ ಹೀಗಾದರೆ ಬೈಯುತ್ತಾ ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಖಾತೆಯಿಂದ ಖಾತೆಗೆ ಹಾರುವ ಮೊದಲು ತಡೆಹಿಡಿಯಲು ಅದು ಬೇಗನೆ ಆಗುವ ದಾರಿ. ದೂರು ಬರೆಯುವಾಗ ಬ್ಯಾಂಕಿನ ವಿವರ ಕೊಟ್ಟು ಸುಮ್ನಾಗಬೇಡಿ. ಆ ಜಾಹೀರಾತಿನ ಸ್ಕ್ರೀನ್‌ಶಾಟ್, ಅದರ ಲಿಂಕ್, ಅದನ್ನು ಹಾಕಿದ ಪೇಜಿನ ಹೆಸರು ಎಲ್ಲ ಸೇರಿಸಿ. ಯಾವ ಆಪಿನಲ್ಲಿ ಕಂಡಿತು ಎಂದು ಸ್ಪಷ್ಟವಾಗಿ ಬರೆಸಿ, ಜಾಹೀರಾತಿಗೆ ದುಡ್ಡು ಕಟ್ಟಿದವರ ವಿವರವನ್ನು ಆ ಕಂಪನಿಯಿಂದ ತರಿಸಿಕೊಳ್ಳಿ ಎಂದು ಠಾಣೆಯಲ್ಲಿ ಕೇಳಿ. ಮಾಸ್ತರರ ದೂರಿನಲ್ಲಿ ಆ ಸಾಲು ಇರಲಿಲ್ಲ. ಮೊನ್ನೆ ಇನ್ನೊಂದು ಅರ್ಜಿ ಬರೆದು ಸೇರಿಸಿ ಬಂದಿದ್ದೇವೆ.