ದುರ್ಯೋಧನನ ನೆಗಡಿ

ಮಂಡ್ಯ ಕಡೆಯ ಹಳೇ ಮನೆಗಳ ಅಟ್ಟ ಹತ್ತಿದರೆ ಒಂದು ರಟ್ಟಿನ ಡಬ್ಬಿ ಸಿಗುತ್ತದೆ. ಅದರ ತಳದಲ್ಲಿ ಊರಹಬ್ಬದ ಪೌರಾಣಿಕ ನಾಟಕದ ಕ್ಯಾಸೆಟ್, ಮೇಲೆ ನೀಲಿ ಇಂಕಿನ ಬರಹ: ‘ತಾತ, ದುರ್ಯೋಧನನ ಪಾರ್ಟು, ಸೈಡ್ ಎ’. ಇದನ್ನು ಮೊಬೈಲಿಗೆ ಹಾಕೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಮನೆಯೊಳಗೇ ಕುರುಕ್ಷೇತ್ರ. ‘ಟೇಪಿನ ಸೌಂಡೇ ಸೌಂಡು, ಡಿಜಿಟಲ್ ಮಾಡುದ್ರೆ ಜೀವ ಹೋಯ್ತದೆ’ ಅನ್ನುವವರು ಒಂದು ಪಾಳಯ. ‘ಡಿಜಿಟಲ್ ಮಾಡುದ್ರೆ ಕ್ಲೀನಾಯ್ತದೆ’ ಅನ್ನುವವರು ಇನ್ನೊಂದು.

ಇಬ್ಬರೂ ಕೂತುಕೊಳ್ಳಬಹುದು. ಡಿಜಿಟಲ್ ಅಂದರೆ ಶಾನುಭೋಗರ ಲೆಕ್ಕ, ಹೇಳಿದ್ದನ್ನು ಬರೆದುಕೊಳ್ಳುತ್ತದೆ. ಸೀಡಿಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಸಲ ಬರೆಯುತ್ತದೆ. ಮನುಷ್ಯನ ಕಿವಿ 20,000 ಹರ್ಟ್ಸ್ ದಾಟುವುದಿಲ್ಲ, ಅದರ ಎರಡರಷ್ಟಕ್ಕಿಂತ ತುಸು ಹೆಚ್ಚು ಸಲ ಅಳೆದರೆ ಏನೂ ತಪ್ಪಿಹೋಗುವುದಿಲ್ಲ. ಒಂದೊಂದು ಅಳತೆಯನ್ನೂ 16 ಬಿಟ್ಟಿನಲ್ಲಿ, ಅಂದರೆ 16 ಸೊನ್ನೆ-ಒಂದುಗಳಲ್ಲಿ, ಬರೆದರೆ ಅತಿ ಸಣ್ಣ ಸದ್ದಿಗೂ ಅತಿ ದೊಡ್ಡ ಸದ್ದಿಗೂ ನಡುವೆ ಸುಮಾರು 96 ಡೆಸಿಬೆಲ್ ಜಾಗ. ಸಾಧಾರಣ ಕ್ಯಾಸೆಟ್ಟು 50ರ ಆಸುಪಾಸಿಗೇ ‘ಉಸ್ಸ್’ ಎಂದು ಕೂರುತ್ತದೆ. ಬಿಂದಿಗೆ ನೀರು ಹಿಡಿಯಲು ಕನ್ನಂಬಾಡಿ ಕಟ್ಟಿದಂತಾಯಿತು. ಹಾಗಾಗಿ ಕೆಟ್ಟರೆ ಅದು ಕನ್ನಂಬಾಡಿಯ ತಪ್ಪಲ್ಲ, ಬಿಂದಿಗೆಯಲ್ಲಿ ತೂತು ಹುಡುಕಿ.

ಮೊದಲ ತೂತು ಕ್ಯಾಸೆಟ್ಟಿನ ಹೊಟ್ಟೆಯಲ್ಲೇ ಇದೆ. ತಾಮ್ರದ ತಗಡಿನ ಮೇಲೆ ಅಂಟಿಸಿದ ಪುಟಾಣಿ ಉಣ್ಣೆಯ ತುಂಡು ಟೇಪನ್ನು, ಅದನ್ನು ಓದುವ ಹೆಡ್ಡಿಗೆ ಒತ್ತಿ ಹಿಡಿಯಬೇಕು. ವರ್ಷಗಳಾದ ಮೇಲೆ ಗೋಂದು ಒಣಗಿ ಅದು ಉದುರಿರುತ್ತದೆ. ಸದ್ದು ಬಂದು ಹೋಗಿ ಮಾಡಿದರೆ ಸ್ಪೀಕರ್‌ಗೆ ಗುದ್ದುವ ಮೊದಲು ಇದನ್ನು ನೋಡಿ. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಪ್ಲೇ ಒತ್ತಲೇಬೇಡಿ. ಅದು ಹೆಡ್ಡಿಗೆ ಹತ್ತಿ, ಮುಂದೆ ಹಾಕುವ ಕ್ಯಾಸೆಟ್ಟಿಗೆಲ್ಲ ಪ್ರಸಾದ ಹಂಚುತ್ತದೆ. ಸಡಿಲ ಸುತ್ತು ಬಿಗಿ ಮಾಡಲು ಆರು ಮೂಲೆಯ ಪೆನ್ಸಿಲ್ಲಿಗಿಂತ ಒಳ್ಳೆಯ ಉಪಕರಣ ಇನ್ನೂ ಹುಟ್ಟಿಲ್ಲ.

ಇನ್ನು ಟೇಪ್‌ರೆಕಾರ್ಡರ್. ಹೆಡ್ಡನ್ನೂ, ಟೇಪನ್ನು ಎಳೆಯುವ ಉಕ್ಕಿನ ಕಡ್ಡಿಯಂಥ ಕ್ಯಾಪ್‌ಸ್ಟನ್ನನ್ನೂ ಹತ್ತಿ ಸುತ್ತಿದ ಕಡ್ಡಿಯಿಂದ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಬೇಕು. ಕೈಗೆ ಹಚ್ಚುವ ಸ್ಯಾನಿಟೈಸರ್ ಸಲ್ಲ, ಅದರ ಅಂಟು ಅಲ್ಲೇ ಉಳಿಯುತ್ತದೆ. ರಬ್ಬರ್ ಚಕ್ರಕ್ಕೆ ಸೋಪುನೀರಿನ ಪಸೆ ಸಾಕು. ಕೀಚ್ ಅನ್ನುತ್ತಿದೆ ಎಂದು ಕೊಬ್ಬರಿ ಎಣ್ಣೆ ಬಿಡುವ ಹಿರಿಯರನ್ನು ಆ ಹೊತ್ತಿಗೆ ಕಾಫಿ ಪುಡಿ ತರಲು ಕಳಿಸಿ. ಎಣ್ಣೆ ಬಿದ್ದ ಚಕ್ರ ಟೇಪನ್ನು ಹಿಡಿಯದೆ ಜಾರುತ್ತದೆ, ತಾತನ ಕಂದಪದ್ಯ ಉಯ್ಯಾಲೆ ಹತ್ತುತ್ತದೆ.

ಇಷ್ಟಾದ ಮೇಲೆ ಹಾಕಿದರೆ ದುರ್ಯೋಧನ ಕಂಬಳಿ ಹೊದ್ದು ಮಾತಾಡುತ್ತಾನೆ. ‘ತಾತಂಗೆ ಅವತ್ತು ನೆಗಡಿ ಆಗಿತ್ತೇನ್ಲಾ?’ ಎಂದು ಒಬ್ಬರಾದರೂ ಕೇಳುತ್ತಾರೆ. ನೆಗಡಿ ತಾತನದಲ್ಲ, ಹೆಡ್ಡಿನದು. ಧ್ವನಿ ಬರೆದ ಯಂತ್ರದ ಹೆಡ್ಡು ನಿಂತ ಕೋನ ಒಂದು, ಓದುವ ಯಂತ್ರದ ಹೆಡ್ಡಿನ ಕೋನ ಇನ್ನೊಂದು. ಕೂದಲೆಳೆಯಷ್ಟು ವಾರೆಯಾದರೂ ಮೇಲಿನ ಸ್ವರಗಳೆಲ್ಲ ಮಾಯ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಇರುವ ಸ್ಕ್ರೂ ಒಂದಿದೆ. ಪ್ಲೇ ಆಗುತ್ತಿರುವಾಗಲೇ ಕಾಂತ ಹಿಡಿಯದ ಸ್ಕ್ರೂಡ್ರೈವರಿನಲ್ಲಿ ಅದನ್ನು ಎಂಟನೇ ಒಂದು ಸುತ್ತಿನಷ್ಟು ಆ ಕಡೆ ಈ ಕಡೆ ತಿರುಗಿಸಿ, ತಾಳದ ಚಿಣ್ ಎಲ್ಲಿ ಚುರುಕಾಗಿ ಕೇಳುತ್ತದೋ ಅಲ್ಲಿ ನಿಲ್ಲಿಸಿ. ಇಡೀ ಕೆಲಸದಲ್ಲಿ ಇದಕ್ಕಿಂತ ಲಾಭದ ಅರ್ಧ ನಿಮಿಷ ಇಲ್ಲ. ಇದನ್ನು ಬಿಟ್ಟು ಆಮೇಲೆ ಕಂಪ್ಯೂಟರಿನಲ್ಲಿ ಟ್ರೆಬಲ್ ಏರಿಸಿದರೆ ಏರುವುದು ಬರೀ ಉಸ್ಸ್.

ವೈರು ಟೇಪ್‌ರೆಕಾರ್ಡರಿನ ಲೈನ್ ಔಟ್‌ನಿಂದ, ಸದ್ದನ್ನು ಅಂಕಿಯಾಗಿಸಿ ಕಂಪ್ಯೂಟರಿಗೆ ಕೊಡುವ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ಹೋಗಬೇಕು. ಲ್ಯಾಪ್‌ಟಾಪಿನ ಒಂಟಿ ತೂತು ಮೈಕಿನದು. ಅದು ಮಿಲಿವೋಲ್ಟುಗಳ ಪಿಸುಮಾತಿಗೆ ಕಿವಿಗೊಟ್ಟು ಕೂತಿರುವಾಗ, ವೋಲ್ಟಿನ ಮೂರನೇ ಒಂದು ಭಾಗದಷ್ಟು ಲೈನ್ ಸಿಗ್ನಲ್ ನುಗ್ಗಿದರೆ ಭೀಮ ಕಿವಿಯೊಳಗೇ ಗದೆ ತಿರುವಿದ ಹಾಗೆ. ಗುಂಯ್ ಎಂಬ ಸದ್ದಿದ್ದರೆ ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ.

ಭೀಮನ ಮಾತು ಬಂತು. ರೆಕಾರ್ಡಿಂಗ್ ಲೆವೆಲ್ ಇಡುವುದು ಭೀಮನಿಗೆ, ಸಖಿಯರಿಗಲ್ಲ. ಟೇಪು ಜೋರು ಗದರಿಕೆಯನ್ನು ಸ್ವಲ್ಪ ಚಪ್ಪಟೆ ಮಾಡಿ ನುಂಗಿಕೊಳ್ಳುತ್ತದೆ. ಕೆಲವರು ‘ಬೆಚ್ಚಗಿನ ಸೌಂಡು’ ಎಂದು ಕಣ್ಮುಚ್ಚುವುದರಲ್ಲಿ ಇದರ ಪಾಲೂ ಇದೆ. ಡಿಜಿಟಲ್ ಮಾತ್ರ ತನ್ನ ಮೇಲಿನ ಮಿತಿಯಾದ ಸೊನ್ನೆ ಡೆಸಿಬೆಲ್ ದಾಟಿದ್ದನ್ನು ಕಬ್ಬು ಕಡಿದಂತೆ ಕಡಿಯುತ್ತದೆ, ಆ ತುದಿ ಮತ್ತೆ ಸಿಗದು. ಅವನ ಅತಿ ದೊಡ್ಡ ಅಬ್ಬರ ಮೈನಸ್ 6ರೊಳಗೆ ನಿಲ್ಲಲಿ. 24 ಬಿಟ್, ಸೆಕೆಂಡಿಗೆ 48,000 ಸಲದ ಲೆಕ್ಕದಲ್ಲಿ ಸ್ಟೀರಿಯೋ ಇಳಿಸಿದರೆ ಗಂಟೆಗೆ ಸುಮಾರು 1 ಜಿಬಿ. ದುಬಾರಿ ಅನ್ನಿಸಿದರೆ ಮೈಸೂರಿನ ಜಯಚಾಮರಾಜ ಒಡೆಯರನ್ನು ನೆನೆಯಿರಿ. 1940ರ ದಶಕದ ಕೊನೆಗೆ ರಷ್ಯಾದ ಸಂಗೀತ ರಚನಕಾರ ಮೆಟ್ನರ್ ಅವರ ಸಂಗೀತವನ್ನು ಲಂಡನ್ನಿನಲ್ಲಿ ಮುದ್ರಿಸಲು ಅವರು ಹಣ ಕೊಟ್ಟದ್ದು 78 ಸುತ್ತಿನ ತಟ್ಟೆಗಳ ಕಾಲದಲ್ಲಿ, ಮಗ್ಗುಲಿಗೆ ನಾಲ್ಕೈದು ನಿಮಿಷ. ನಮ್ಮ ದುರ್ಯೋಧನನಾದರೆ ಅಷ್ಟರಲ್ಲಿ ಮೀಸೆ ತಿರುವಿಯೂ ಮುಗಿಯುತ್ತಿರಲಿಲ್ಲ.

ನಾಟಕ ಬೆಳಗಿನ ಜಾವಕ್ಕೆ ಬಂದಂತೆ ದುರ್ಯೋಧನ ಅಭಿಮನ್ಯುವಾಗುತ್ತಾನೆ, ಧ್ವನಿ ಎಳೆಯದಾಗುತ್ತಾ ಹೋಗುತ್ತದೆ. ಅವತ್ತು ರೆಕಾರ್ಡರಿನ ಸೆಲ್ಲು ಇಳಿಯುತ್ತಾ ಟೇಪು ನಿಧಾನವಾಗಿ ಓಡಿದೆ. ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಮೇಲೇರುತ್ತದೆ. ಇಲ್ಲಿ ಹಾರ್ಮೋನಿಯಂ ಮೇಷ್ಟ್ರೇ ದೇವರು. ಶುರುವಿನಲ್ಲಿ ಅವರು ಹಿಡಿದ ಷಡ್ಜವನ್ನೂ ಕೊನೆಯದನ್ನೂ ಹೋಲಿಸಿ. ಒಂದು ಮನೆ, ಅಂದರೆ ಅರ್ಧ ಸ್ವರ, ಏರಿದ್ದರೆ ವೇಗವನ್ನು ಶೇ. 5.6 ಇಳಿಸಬೇಕು. ಸದ್ದು ತಿದ್ದುವ ಸಾಫ್ಟ್‌ವೇರ್ ಅಡಾಸಿಟಿಯಲ್ಲಿ ವೇಗ ಬದಲಿಸಿ, ಬರೀ ಶ್ರುತಿ ಬದಲಿಸಿದರೆ ಸಂಭಾಷಣೆಯ ಅವಸರ ಹಾಗೇ ಉಳಿಯುತ್ತದೆ. ಒಂದೇ ಏಟಿಗೆ ಬೇಡ, ಐದೈದು ನಿಮಿಷದ ತುಂಡುಗಳಾಗಿ.

ಭೀಮ ಬಾಯಿ ಮುಚ್ಚಿದ ಎರಡು ಕ್ಷಣಕ್ಕೆ ಜನರೇಟರ್ ಸದ್ದು ಮೆಲ್ಲಗೆ ಎದ್ದು ಬರುವುದು ಆಟೋ ಲೆವೆಲ್ಲಿನ ಕೆಲಸ. ಯಂತ್ರಕ್ಕೆ ಮೌನ ಸಹಿಸದು, ತಾನೇ ವಾಲ್ಯೂಮ್ ಏರಿಸಿಕೊಳ್ಳುತ್ತದೆ. ನಾಯ್ಸ್ ರಿಡಕ್ಷನ್ 6 ಡೆಸಿಬೆಲ್ ಹಾಕಿ ಕೈ ತೊಳೆದುಕೊಳ್ಳಿ. 24 ಹಾಕಿದರೆ ಇಡೀ ಕೌರವ ಸೈನ್ಯ ವಿಸಿ ನಾಲೆಯಲ್ಲಿ ಮುಳುಗಿ ಮಾತಾಡುತ್ತದೆ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದಿತ್ತು: ಕ್ಯಾಸೆಟ್ಟಿನ ಬೆನ್ನಿನ ಎಡಮೂಲೆಯ ಪುಟ್ಟ ಪ್ಲಾಸ್ಟಿಕ್ ಚೂರನ್ನು ಮುರಿಯುವುದು. ಅದು ಮುರಿದಿದ್ದರೆ ಅಪ್ಪಿತಪ್ಪಿ ಕೆಂಪು ಗುಂಡಿ ಒತ್ತಿದರೂ ನಿಮ್ಮತ್ತ ಮುಖ ಮಾಡಿರುವ ಸೈಡು ಅಳಿಸದು, ಇನ್ನೊಂದು ಸೈಡಿಗೆ ಇನ್ನೊಂದು ಮೂಲೆಯ ಚೂರು. ಹೆಚ್ಚಿನ ಮನೆಗಳಲ್ಲಿ ಅದು ಎಂದೋ ಮುರಿದಿರುತ್ತದೆ, ಅದರ ಮೇಲೆ ಯಾರೋ ಸೆಲ್ಲೋಟೇಪ್ ಹಚ್ಚಿ ಮತ್ತೆ ರೆಕಾರ್ಡೂ ಮಾಡಿರುತ್ತಾರೆ. ಸೈಡ್ ಬಿಯಲ್ಲಿ ತೊಡೆ ತಟ್ಟಿದ ಸದ್ದಿನ ಬೆನ್ನಿಗೇ ಭತ್ತದ ಬೆಂಕಿರೋಗಕ್ಕೆ ರೇಡಿಯೋ ಸಲಹೆ ಶುರುವಾದರೆ ಗಾಬರಿ ಬೇಡ. ಅದನ್ನೂ 24 ಬಿಟ್ಟಿನಲ್ಲೇ ಇಳಿಸಿಕೊಳ್ಳಿ.