ಹೆಗಲಿಗೂ ಕಿವಿಗೂ ನಡುವೆ

ಇವತ್ತು ಮಾಗಡಿ ರೋಡಿನಲ್ಲಿ ಮುಂದಿದ್ದ ಸ್ಕೂಟರಿನವರು ಬಲಕ್ಕೆ ಇಂಡಿಕೇಟರ್ ಹಾಕಿ ಎಡಕ್ಕೆ ತಿರುಗಿದರು. ಕತ್ತು ಓರೆ, ಹೆಗಲಿಗೂ ಕಿವಿಗೂ ನಡುವೆ ಫೋನು. ನಾನು ಬ್ರೇಕ್ ಒತ್ತಿ ಬಚಾವಾದೆ. ಅವರು ಮಾತ್ರ 'ಹ್ಞೂಂ, ಒಗ್ಗರಣೆಗೆ ಇಂಗು ಹಾಕು' ಅನ್ನುತ್ತಾ ಹೊರಟೇ ಹೋದರು. ಸಾರಿನ ಇಂಗನ್ನು ನಡುರಸ್ತೆಯಲ್ಲೇ ತೀರ್ಮಾನ ಮಾಡಬೇಕಾ?

ಇನ್ನು ಕೆಲವರು ಹೆಲ್ಮೆಟ್ ಒಳಗೇ ಫೋನು ತುರುಕಿರುತ್ತಾರೆ. ಹೆಲ್ಮೆಟ್ ಇರುವುದೇ ಅದಕ್ಕೆ, ಅಲ್ವಾ? ಕಾರಿನವರ ತೊಡೆ ಮೇಲೆ ರೀಲ್ಸ್; ಸಿಗ್ನಲ್ ಹಸಿರಾಗಿದ್ದು ಹಿಂದಿನವರು ಹಾರ್ನ್ ಹೊಡೆದ ಮೇಲೇ ಗೊತ್ತಾಗುವುದು. 40 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ, ಫೋನು ಹಿಡಿದು ಗಾಡಿ ಓಡಿಸಿದರೆ ಬೀಳುವ ದಂಡ 5,000 ರೂಪಾಯಿವರೆಗೂ ಏರಿತು. ಯಾರಿಗೆ ಲೆಕ್ಕ? ಪೊಲೀಸರು ಕಂಡರೆ ಫೋನು ಜೇಬಿಗೆ, ಸರ್ಕಲ್ ದಾಟಿದರೆ ಮತ್ತೆ ಕಿವಿಗೆ. ಕೇಳಿದರೆ 'ಅರ್ಜೆಂಟ್ ಸಾರ್' ಅನ್ನುತ್ತಾರೆ. ಎಲ್ಲಿಗೆ ಅರ್ಜೆಂಟು, ಐಸಿಯುಗಾ?