ಫ್ಯಾನ್ ಫ್ಯೂಸ್ ಕೀಳಬೇಡಿ
"ಕಾರು ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಿರುಗಿದರೆ ಕೆಟ್ಟಿದೆ ಅಂತ, ಫ್ಯೂಸ್ ಕಿತ್ತಿಡಿ" ಎಂಬ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಕೆಲವು ನಿಮಿಷ ಫ್ಯಾನ್ ತಿರುಗುವಂತೆಯೇ ಮಾಡಿರುತ್ತಾರೆ. ನಿಮ್ಮ ಕಾರಿನ ಮ್ಯಾನ್ಯುಯಲ್ ನೋಡಿ. ಫ್ಯೂಸ್ ಹಾಕೋದು ಮರೆತು ಬಿಸಿಲಲ್ಲಿ ಓಡಿಸಿದರೆ ಎಂಜಿನ್ ಬಿಸಿಯೇರಿ ಹೆಡ್ ಗ್ಯಾಸ್ಕೆಟ್ಟೇ (ಎಂಜಿನ್ನಿನ ಮೇಲ್ಭಾಗ ಮತ್ತು ಕೆಳಭಾಗದ ನಡುವಿನ ಸೀಲ್) ಹೋದೀತು.

ಕೆಟ್ಟ ಫ್ಯಾನಿನ ಗುರುತೇ ಬೇರೆ. ಚಿತ್ರದುರ್ಗದ ಹೈವೇಯಲ್ಲಿ ಎಸಿ ತಣ್ಣಗಿರುತ್ತದೆ, ಊರೊಳಗೆ ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ, ಟೆಂಪರೇಚರ್ ಮುಳ್ಳು ಮೇಲಕ್ಕೆ. ಓಡುವಾಗ ಎದುರುಗಾಳಿಯೇ ಸಾಕಾಗುತ್ತದೆ, ಅಲ್ವಾ? ಆಗ ಫ್ಯೂಸ್, ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಕನೆಕ್ಟರ್ ನೋಡಿಸಿ. ಮೆಕ್ಯಾನಿಕ್ ನೇರ 12 ವೋಲ್ಟ್ ಕೊಟ್ಟಾಗ ತಿರುಗಿದರೆ ಮೋಟಾರ್ ಸರಿಯಿದೆ, ತೊಂದರೆ ವೈರಿಂಗ್ ಅಥವಾ ಸೆನ್ಸರ್ ಕಡೆ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡುವುದನ್ನು ನಿಲ್ಲಿಸಿ.